ಬೇಸಿಗೆ ರಜೆಯಲ್ಲಿ ಮುಗಿಯದೆ ಉಳಿದ ಕಾದಂಬರಿ

ಬಿಂಡಿಗನವಿಲೆಯ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತದೆಂದು ಇಲ್ಲಿ ಬಸ್ಸಿಗೆ ಕಾದವರಿಗೆ ಗೊತ್ತು. ಇದು ಗರುಡ ದೇವರ ಊರು. ಹೊರಗಿನವರು ನಮ್ಮ ಊರನ್ನು ಗುರುತಿಸುವುದೇ ಆ ಗುಡಿಯಿಂದ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಹಸಿರು ನಮ್ಮ ನಾಗಮಂಗಲ ತಾಲ್ಲೂಕಿನ ಈ ಭಾಗಕ್ಕೆ ಅಷ್ಟಾಗಿ ದಕ್ಕಿದ್ದಲ್ಲ. ನಮ್ಮದು ರಾಗಿ, ಹುರುಳಿ, ತೆಂಗಿನ ಸೀಮೆ. ಯುಗಾದಿ ಕಳೆದು ಭರಣಿ ಮಳೆ ಬೀಳುವ ತನಕ ಹೊಂಗೆ ಮರದ ನೆರಳೇ ಗತಿ. ಶಾಲೆಗೆ ಬೀಗ ಬಿದ್ದಿರುತ್ತದೆ. ಮೇಷ್ಟ್ರಾದವನಿಗೆ ಮನೆಯಲ್ಲಿ ಮಾಡಲು ಕೆಲಸವಿರುವುದಿಲ್ಲ; ಕೆಲಸವಿಲ್ಲದವನನ್ನು ಮನೆಯವರು ಸುಮ್ಮನೆ ಬಿಡುವುದೂ ಇಲ್ಲ.

ಹೀಗೆ ಒಂದು ರಜೆಯಲ್ಲಿ ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಇಳಿಸಿ ಗುಜರಿಗೆ ಹಾಕಬೇಕಾದ್ದನ್ನೆಲ್ಲ ಬೇರ್ಪಡಿಸುತ್ತಿದ್ದೆ. ಹಳೆಯ ಪಾಠ ಟಿಪ್ಪಣಿ, ಬಿ.ಎಡ್. ಕಾಲದ ಚಾರ್ಟುಗಳು, ಒಡೆದ ಪ್ರಿಸಂ. ಅವುಗಳ ಅಡಿಯಲ್ಲಿ ನ್ಯೂಸ್‌ಪೇಪರಿನ ರಟ್ಟು ಹಾಕಿದ ಒಂದು ಕಾದಂಬರಿ. ತೆರೆದರೆ ಮೊದಲ ಪುಟದಲ್ಲಿ ಬಾಡಿಗೆ ಲೈಬ್ರರಿಯೊಂದರ ನೇರಳೆ ಮೊಹರು. ಕೊನೆಯಿಂದ ಇಪ್ಪತ್ತು ಪುಟ ಮೊದಲು ಒಂದು ಹಾಳೆಯ ಮೂಲೆ ಮಡಿಚಿತ್ತು. ಅದು ತ್ರಿವೇಣಿಯವರ ‘ಬೆಳ್ಳಿಮೋಡ’. ಪುಸ್ತಕ ನನ್ನದಲ್ಲ; ನಾನು ಕಿತ್ತುಕೊಂಡಿದ್ದು.

1997ರ ಫೆಬ್ರವರಿ. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಈ ಸೀಮೆಯದೇ ಒಂದು ಹೈಸ್ಕೂಲು. ಹತ್ತನೇ ತರಗತಿಗೆ ಮಸೂರದ ಪಾಠ ಮಾಡುತ್ತಿದ್ದೆ. ಹುಡುಗಿಯರ ಸಾಲಿನಲ್ಲಿ ಕೊನೆಯಿಂದ ಎರಡನೇ ಬೆಂಚಿನ ಹುಡುಗಿ ತಲೆ ಎತ್ತುತ್ತಿರಲಿಲ್ಲ. ಹೋಗಿ ನೋಡಿದರೆ ವಿಜ್ಞಾನದ ಪುಸ್ತಕದ ಒಳಗೆ ಈ ಪುಸ್ತಕ. ಚೆನ್ನಾಗಿ ಓದುವ ಹುಡುಗಿ ಅವಳು. ಅದಕ್ಕೇ ನನಗೆ ಸಿಟ್ಟು ಜಾಸ್ತಿ ಬಂತು. ಕಿತ್ತುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅಪ್ಪನನ್ನು ಕರೆಸಿ, ‘ನಿಮ್ಮ ಮಗಳು ಲವ್ ಕಾದಂಬರಿ ಓದುತ್ತಾಳೆ, ಸ್ವಲ್ಪ ನಿಗಾ ಇಡಿ’ ಎಂದೆ. ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ‘ಆಯ್ತು ಸ್ವಾಮಿ’ ಎಂದು ಕೈ ಮುಗಿದು ಹೋದರು. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಅದೇ ಮೇ ತಿಂಗಳಲ್ಲಿ ಕೆ.ಆರ್. ಪೇಟೆ ಕಡೆಗೆ ಮದುವೆ ಮಾಡಿ ಕಳಿಸಿದರೆಂದು ಕೇಳಿದೆ. ಅವಳಿಗಾಗ ಹದಿನಾರು. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ಎಂದು ಕಾಯ್ದೆ ತಿದ್ದುಪಡಿಯಾಗಿದ್ದು 1978ರಲ್ಲೇ. ಅದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಸಂಬಂಧ ಮೊದಲೇ ಗೊತ್ತಾಗಿತ್ತೋ, ನನ್ನ ಮಾತು ನೆಪವಾಯಿತೋ ತಿಳಿಯದು. ಆದರೆ ನಾನು ಆ ಪುಸ್ತಕವನ್ನು ಓದಿರಲಿಲ್ಲ. ಓದದ ಪುಸ್ತಕದ ಮೇಲೆ ದೂರು ಹೇಳಿದ್ದೆ.

ನಮ್ಮದೇ ನೆರೆಯ ಲೇಖಕಿ

ಟ್ರಂಕು ತೆರೆದ ದಿನ ಸಂಜೆಯೊಳಗೆ ಕಾದಂಬರಿ ಓದಿ ಮುಗಿಸಿದೆ. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಆಸ್ತಿಗೆಲ್ಲ ಅವಳೇ ವಾರಸುದಾರಳು. ಮೋಹನನೆಂಬ ಬುದ್ಧಿವಂತ ಹುಡುಗನ ಜೊತೆ ಮದುವೆ ನಿಶ್ಚಯವಾಗುತ್ತದೆ. ಹುಡುಗನನ್ನು ವಿದೇಶದಲ್ಲಿ ಓದಿಸುವ ಖರ್ಚು ಹುಡುಗಿಯ ಅಪ್ಪನದು. ಅಷ್ಟರಲ್ಲಿ ಎಷ್ಟೋ ವರ್ಷದ ಮೇಲೆ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಮಗನ ಪಾಲಾಗುತ್ತದೆಂದು ಗೊತ್ತಾದ ಮೇಲೆ ಮೋಹನನ ಪ್ರೀತಿ ಆರುತ್ತದೆ. ಮುಂದೊಮ್ಮೆ ಅವನು ಪೆಟ್ಟುಬಿದ್ದು ಮಲಗಿದಾಗ ಆರೈಕೆ ಮಾಡುವವಳು ಅದೇ ಇಂದಿರಾ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಬೇಡವೆನ್ನುತ್ತಾಳೆ.

ನಾನು ‘ಲವ್ ಕಾದಂಬರಿ’ ಎಂದು ದೂರಿದ ಪುಸ್ತಕ ಇದು! ಪ್ರೀತಿಸಿದವನು ಯೋಗ್ಯನೋ ಅಲ್ಲವೋ ನೋಡು, ಅಲ್ಲವೆಂದರೆ ಎದ್ದು ನಿಲ್ಲು ಎನ್ನುವ ಪುಸ್ತಕ. ಹದಿನಾರರ ಹೆಣ್ಣುಮಗುವಿಗೆ ಅಪ್ಪನೂ ಮೇಷ್ಟ್ರೂ ಸೇರಿ ಹೇಳಬೇಕಾದ್ದನ್ನು ತ್ರಿವೇಣಿ ಹೇಳಿಟ್ಟಿದ್ದರು. ಆ ಹುಡುಗಿ ಕಾಗದ ಮಡಿಚಿದ ಪುಟ, ಈ ‘ಬೇಡ’ ಬರುವುದಕ್ಕೆ ಮುಂಚಿನದು.

ತ್ರಿವೇಣಿ ಬೇರೆಲ್ಲಿಯವರೋ ಅಲ್ಲ. 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಹುಟ್ಟಿದವರು. ಅನಸೂಯಾ ಎಂಬುದು ಅವರ ಹೆಸರು. ಬರೆದದ್ದು ತ್ರಿವೇಣಿ ಎಂದು. ‘ಕನ್ನಡದ ಕಣ್ವ’ ಬಿ.ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪ. ಬಿ.ಎಂ.ಶ್ರೀ. ಹೆಸರಿನ ಮೊದಲ ಅಕ್ಷರ ನಮ್ಮ ತಾಲ್ಲೂಕಿನ ಬೆಳ್ಳೂರು. ಇಲ್ಲಿಂದ ಬೆಂಗಳೂರಿಗೆ ಹೊರಟವರು ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಬದಲಾಯಿಸುತ್ತಾರಲ್ಲ, ಆ ಬೆಳ್ಳೂರೇ. ಕಾದಂಬರಿಗಾರ್ತಿ ಆರ್ಯಾಂಬ ಪಟ್ಟಾಭಿ ತ್ರಿವೇಣಿಯವರ ತಂಗಿ. ಒಂದೇ ಮನೆತನದಲ್ಲಿ ಇಷ್ಟು ಬರಹ!

ತ್ರಿವೇಣಿ ಮೈಸೂರಿನಲ್ಲಿ ಓದಿದ್ದು ಮನಶ್ಶಾಸ್ತ್ರ. 1953ರಲ್ಲಿ ‘ಅಪಸ್ವರ’ ಬಂದಾಗಿನಿಂದ 1963ರ ಜುಲೈನಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಳ್ಳುವ ತನಕ, ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ವಯಸ್ಸು ಮೂವತ್ತೈದೂ ತುಂಬಿರಲಿಲ್ಲ. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ವನ್ನು ಕಲ್ಪನಾ, ಕಲ್ಯಾಣ್‌ಕುಮಾರರನ್ನು ಹಾಕಿಕೊಂಡು ತೆರೆಗೆ ತಂದದ್ದು 1967ರಲ್ಲಿ, ‘ಶರಪಂಜರ’ ಬಂದದ್ದು 1971ರಲ್ಲಿ. ಎರಡನ್ನೂ ನೋಡಲು ಲೇಖಕಿ ಇರಲಿಲ್ಲ.

ಅವರ ದೊಡ್ಡ ಕೆಲಸವೆಂದರೆ, ಕಾಲೇಜಿನ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳಿಗೂ ‘ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಕಾರಣವಿದೆ, ಅದು ಪಾಪದ ಫಲವಲ್ಲ’ ಎಂದು ಕಥೆಯ ಮೂಲಕ ತಿಳಿಸಿದ್ದು. ಅವರು ಹದಿಹರೆಯದವರಿಗೆಂದೇ ಬರೆದವರಲ್ಲ. ಆದರೆ ಬೇಸಿಗೆ ರಜೆಯಲ್ಲಿ ಅಕ್ಕ ತಂದ ಪುಸ್ತಕವನ್ನು ತಂಗಿ ಕದ್ದು ಓದಿ, ತಂಗಿಯಿಂದ ಪಕ್ಕದ ಮನೆಯವಳು ಇಸಿದುಕೊಂಡು, ಅವು ಹದಿಹರೆಯದವರ ಪುಸ್ತಕಗಳೂ ಆದವು.

ಹೋರಿಗೆ ಬಲ ಮೊದಲು, ಮೂಗುದಾರ ಆಮೇಲೆ

ಇಲ್ಲಿ ಸ್ವಲ್ಪ ನನ್ನ ವಿಷಯಕ್ಕೆ ಬರುತ್ತೇನೆ. ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿಬಿಡುವ ಮೇಷ್ಟ್ರುಗಳ ಸಾಲಿನಲ್ಲಿ ನಾನೂ ಕೆಲವು ವರ್ಷ ಇದ್ದೆ. ಈಗ ಹಾಗೆ ಮಾಡುವುದಿಲ್ಲ.

ಪ್ರಾಯಕ್ಕೆ ಬರುವುದು ಶುರುವಾಗುವುದು ತಲೆಯೊಳಗೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಸೂಚನೆ ಕೊಡುತ್ತದೆ. ಅದರ ಕೆಳಗೆ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ತನ್ನ ರಸವನ್ನು ರಕ್ತಕ್ಕೆ ಬಿಡುತ್ತದೆ. ಅದು ಹೆಣ್ಣಿನಲ್ಲಿ ಅಂಡಾಶಯವನ್ನು, ಗಂಡಿನಲ್ಲಿ ವೃಷಣವನ್ನು ಎಚ್ಚರಿಸುತ್ತದೆ. ಅಲ್ಲಿಂದ ಈಸ್ಟ್ರೊಜೆನ್, ಟೆಸ್ಟೊಸ್ಟೆರಾನ್‌ಗಳೆಂಬ ಹಾರ್ಮೋನುಗಳು ಹೊರಟು ದೇಹವನ್ನೆಲ್ಲ ಬದಲಿಸುತ್ತವೆ. ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ ಇದು 8ರಿಂದ 13ನೇ ವಯಸ್ಸಿನೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಆರಂಭ. ದನಿ ಒಡೆಯುವುದು, ಮೊಡವೆ, ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು, ಕಾರಣವಿಲ್ಲದೆ ಸಿಡುಕುವುದು, ಎಲ್ಲವೂ ಈ ಲೆಕ್ಕದ್ದೇ.

ನಿಜವಾದ ತೊಡಕು ಇನ್ನೊಂದಿದೆ. ಸುಖ, ಭಯ, ಆಸೆಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಈ ವಯಸ್ಸಿಗೆ ಚುರುಕಾಗಿಬಿಟ್ಟಿರುತ್ತವೆ. ಮುಂದೇನಾದೀತು ಎಂದು ಯೋಚಿಸಿ ಆತುರವನ್ನು ತಡೆಯುವ ಹಣೆಯ ಹಿಂದಿನ ಭಾಗ ಮಾತ್ರ ಪೂರ್ತಿ ಬಲಿಯಲು ಸುಮಾರು ಇಪ್ಪತ್ತೈದು ವರ್ಷವಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳಿದರೆ, ಹೋರಿಗೆ ಬಲ ಮೊದಲು ಬರುತ್ತದೆ, ಮೂಗುದಾರ ಆಮೇಲೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹದಿನೈದರಲ್ಲಿ ಒಬ್ಬರ ಮೇಲೆ ಮನಸ್ಸಾಗುವುದು ಮೀಸೆ ಮೂಡಿದಷ್ಟೇ ಸಹಜ. ಹಾಗೆಂದು ಆ ಮನಸ್ಸು ಹೇಳಿದ್ದನ್ನೆಲ್ಲ ಆ ಕ್ಷಣವೇ ಮಾಡುವಂತೆಯೂ ಇಲ್ಲ.

ಇದಕ್ಕೆ ಬೇಸಿಗೆಯೇ ಏಕೆ ಬೇಕು ಎಂದರೆ ಅದಕ್ಕೆ ಹಾರ್ಮೋನು ಕಾರಣವಲ್ಲ. ನಮ್ಮ ಪಂಚಾಂಗವೇ ಕಾರಣ. ಶಾಲೆಯ ಗಂಟೆ ಇರುವುದಿಲ್ಲ. ಅಜ್ಜಿಮನೆಗೆ ನೆಂಟರ ಮಕ್ಕಳು ಬರುತ್ತಾರೆ. ಜಾತ್ರೆ, ತೇರು, ಮದುವೆ ಮನೆ ಎಲ್ಲ ಆಗಲೇ. ಚಪ್ಪರ ಕಟ್ಟುವಾಗ ಮಾವಿನ ಸೊಪ್ಪು ಎತ್ತಿಕೊಟ್ಟ ಹುಡುಗನ ಮುಖ ಹದಿನೈದು ದಿನ ಕಣ್ಣಿನಿಂದ ಹೋಗುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಕೆಲವು ಮಕ್ಕಳು ಎರಡು ತಿಂಗಳಲ್ಲಿ ಎರಡು ವರ್ಷ ದೊಡ್ಡವರಾಗಿ ಬರುತ್ತಾರೆ. ಮೇಷ್ಟ್ರ ಕಣ್ಣಿಗೆ ಅದು ಗೊತ್ತಾಗುತ್ತದೆ.

1942ರ ಎರಡು ಪುಸ್ತಕ

ಈ ಬೇಸಿಗೆಯನ್ನೇ ಪುಸ್ತಕ ಮಾಡಿದ ಒಬ್ಬ ಹುಡುಗಿ ಅಮೆರಿಕದಲ್ಲಿದ್ದಳು. ಮೌರೀನ್ ಡ್ಯಾಲಿ ಎಂದು ಹೆಸರು. ಐರ್ಲೆಂಡಿನಲ್ಲಿ ಹುಟ್ಟಿ, ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಪಟ್ಟಣದಲ್ಲಿ ಬೆಳೆದವಳು. ಕಾಲೇಜಿನಲ್ಲಿದ್ದಾಗಲೇ ಬರೆದ ‘ಸೆವೆಂಟೀಂತ್ ಸಮ್ಮರ್’ ಎಂಬ ಕಾದಂಬರಿ 1942ರಲ್ಲಿ ಅಚ್ಚಾಯಿತು. ಹದಿಹರೆಯದವರ ಕಾದಂಬರಿ ಎಂಬ ಪ್ರಕಾರಕ್ಕೆ ಇದೇ ಮೊದಲ ಮೆಟ್ಟಿಲೆಂದು ಅನೇಕರು ಹೇಳುತ್ತಾರೆ. ಕಥೆ ಸಾಮಾನ್ಯದ್ದು. ಹೈಸ್ಕೂಲು ಮುಗಿಸಿದ ಏಂಜಿಗೆ ಬೇಕರಿಯವರ ಮಗ ಜ್ಯಾಕ್‌ನ ಪರಿಚಯವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸರೋವರ, ದೋಣಿ, ಕುಣಿತ, ಸಣ್ಣ ಮುನಿಸು. ಬೇಸಿಗೆ ಮುಗಿಯುತ್ತದೆ. ಅವಳು ಓದಲು ದೂರದ ಊರಿಗೆ ರೈಲು ಹತ್ತುತ್ತಾಳೆ. ಅಷ್ಟೇ. ಯಾರೂ ಸಾಯುವುದಿಲ್ಲ, ಯಾರಿಗೂ ಮದುವೆಯಾಗುವುದಿಲ್ಲ.

ಅದೇ 1942ರಲ್ಲಿ ಕನ್ನಡದಲ್ಲಿ ಒಂದು ಪುಸ್ತಕ ಬಂತು: ‘ಮೈಸೂರು ಮಲ್ಲಿಗೆ’. ಬರೆದ ಕೆ.ಎಸ್. ನರಸಿಂಹಸ್ವಾಮಿಯವರು ನಮ್ಮ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಆಗ ಅವರಿಗೆ ಇಪ್ಪತ್ತೇಳು. ಎರಡೂ ಹರೆಯದ ಪುಸ್ತಕಗಳು, ಎರಡನ್ನೂ ತಲೆಮಾರುಗಳು ಓದಿವೆ. ಆದರೆ ಒಂದು ವ್ಯತ್ಯಾಸ ನೋಡಿ. ‘ಮೈಸೂರು ಮಲ್ಲಿಗೆ’ಯ ಒಲವು ಬಹುಮಟ್ಟಿಗೆ ಮದುವೆಯಾದವರದು, ಮಾವನ ಮನೆ, ತವರು, ಬಳೆಗಾರ ಎಲ್ಲ ಅದರಲ್ಲುಂಟು. ನಮ್ಮ ಸಮಾಜದಲ್ಲಿ ಒಲವಿಗೆ ಜಾಗವಿದ್ದದ್ದೇ ಅಲ್ಲಿ. ಮದುವೆಗೆ ಮುಂಚಿನ ಪ್ರೀತಿಗೆ ನಾವು ಕೊಟ್ಟ ಜಾಗ ಬೇರೆ. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕಾರಿಹೆಗ್ಗಡೆಯ ಮಗಳು’ ನೆನಪಿಸಿಕೊಳ್ಳಿ. ಪ್ರೀತಿಸಿದವನ ಜೊತೆ ಓಡಿಹೋದ ಹುಡುಗಿ ನೀರಿನಲ್ಲಿ ಮುಳುಗುತ್ತಾಳೆ, ದಡದಲ್ಲಿ ಅಪ್ಪ ಅಳುತ್ತಾನೆ. ಮೂಲ ಸ್ಕಾಟ್ಲೆಂಡಿನ ಕವಿ ಕ್ಯಾಂಬೆಲ್‌ನದಾದರೂ ನಮಗದು ನಮ್ಮೂರಿನ ಕಥೆಯೇ ಆಗಿಹೋಯಿತು.

ಹೀಗೆ ನಮ್ಮ ಮಕ್ಕಳ ಕಣ್ಣ ಮುಂದೆ ಪ್ರೀತಿಗೆ ಎರಡೇ ಕೊನೆಗಳು: ತಾಳಿ ಇಲ್ಲವೇ ಸಾವು. ಸಿನಿಮಾ ಅದನ್ನು ಮತ್ತಷ್ಟು ಗಟ್ಟಿ ಮಾಡಿತು. ಆದರೆ ಹದಿನೈದರ ನೂರು ಪ್ರೀತಿಗಳಲ್ಲಿ ಹೆಚ್ಚಿನವಕ್ಕೆ ಮೂರನೆಯ ಕೊನೆಯೇ ಇರುವುದು. ಅವು ಸುಮ್ಮನೆ ಮುಗಿಯುತ್ತವೆ. ಒಂದಿಷ್ಟು ನೋವಾಗುತ್ತದೆ, ಮಳೆ ಬರುತ್ತದೆ, ಶಾಲೆ ತೆರೆಯುತ್ತದೆ, ಮನುಷ್ಯ ಒಂದು ಗೇಣು ಬೆಳೆದಿರುತ್ತಾನೆ. ಈ ಮೂರನೆಯ ಕೊನೆಯನ್ನು ಯಾರಾದರೂ ಹೇಳಿಕೊಡಬೇಕು. ಅಪ್ಪ ಅಮ್ಮ ಹೇಳುವುದಿಲ್ಲ, ಅವರಿಗೆ ಮುಜುಗರ. ಮೇಷ್ಟ್ರು ಹೇಳುವುದಿಲ್ಲ, ಅವರಿಗೆ ಪೋರ್ಷನ್ ಮುಗಿಯಬೇಕು. ಕಥೆ ಹೇಳಬಲ್ಲದು. ಒಬ್ಬರ ಜೊತೆ ಊರು ಬಿಟ್ಟು ಓಡಿಹೋದರೆ ಏನಾದೀತೆಂದು ಓಡದೆಯೇ ತಿಳಿಯುವ ಅವಕಾಶ ಇರುವುದು ಪುಸ್ತಕದಲ್ಲಿ ಮಾತ್ರ. ಪ್ರಯೋಗಾಲಯದಲ್ಲಿ ಆ್ಯಸಿಡ್ಡನ್ನು ಹನಿಹನಿಯಾಗಿ ಹಾಕಿ ತೋರಿಸುತ್ತೇವಲ್ಲ, ಅದೂ ಅದೇ ಉದ್ದೇಶಕ್ಕೆ.

ನಡುವಣ ಕಪಾಟು ಖಾಲಿ

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿವೆ. ದೊಡ್ಡವರ ಕಾದಂಬರಿಗಳು ಬೇಕಾದಷ್ಟಿವೆ. ಹದಿಮೂರರಿಂದ ಹದಿನೆಂಟರವರಿಗೆಂದು ಬರೆದವು ಕೈಬೆರಳೆಣಿಕೆಯಷ್ಟೇ. ದೊಡ್ಡವರ ಸಾಲಿನಿಂದಲೇ ಆರಿಸಿಕೊಡಬೇಕು. ಆಲನಹಳ್ಳಿ ಶ್ರೀಕೃಷ್ಣರ ‘ಕಾಡು’ ಕಾದಂಬರಿಯಲ್ಲಿ ಕಿಟ್ಟಿ ಎಂಬ ಹುಡುಗ ದೊಡ್ಡವರ ಗುಟ್ಟು, ಜಗಳಗಳನ್ನು ನೋಡುತ್ತ ನೋಡುತ್ತ ಬಾಲ್ಯ ಕಳೆದುಕೊಳ್ಳುತ್ತಾನೆ. ಗಿರೀಶ ಕಾರ್ನಾಡರು 1973ರಲ್ಲಿ ಅದನ್ನು ಸಿನಿಮಾ ಮಾಡಿದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದು. ಅದರ ಚಿನ್ನಮ್ಮ ಇಷ್ಟವಿಲ್ಲದ ಮದುವೆಯ ಹಿಂದಿನ ರಾತ್ರಿ ಮನೆ ಬಿಟ್ಟು ಕಾಡು ಹೊಕ್ಕವಳು. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಪ್ರೇಮ ಕಡಿಮೆ; ಆದರೆ ಶಾಲೆಯ ಪಾಠ ತಲೆಗೆ ಹತ್ತದ ಮಂದಣ್ಣನಲ್ಲೂ ಒಬ್ಬ ವಿಜ್ಞಾನಿ ಇದ್ದಾನೆಂದು ತೋರಿಸಿ, ಫೇಲಾದ ಹುಡುಗನಿಗೆ ಧೈರ್ಯ ಕೊಡುತ್ತದೆ. ನಮ್ಮ ತಾಲ್ಲೂಕಿನವರೇ ಆದ ನಾಗತಿಹಳ್ಳಿ ಚಂದ್ರಶೇಖರ್ ಅವರ ಕಥೆಗಳನ್ನು ನಮ್ಮ ಹುಡುಗರು ‘ನಮ್ಮೂರ ಕಡೆಯವರದು’ ಎಂಬ ಕಾರಣಕ್ಕೇ ಕೈಗೆತ್ತಿಕೊಳ್ಳುವುದನ್ನು ನೋಡಿದ್ದೇನೆ. ಯಾವ ನೆಪದಿಂದಾದರೂ ಸರಿ, ಕೈಗೆತ್ತಿಕೊಳ್ಳಲಿ.

ಬಾಡಿಗೆ ಲೈಬ್ರರಿಗಳು ನಮ್ಮ ಕಡೆ ಮುಚ್ಚಿದವು. ಆ ಜಾಗಕ್ಕೆ ಮೊಬೈಲ್ ಬಂತು. ಮೊಬೈಲಿನಲ್ಲಿ ಪ್ರೀತಿ ಮೂವತ್ತು ಸೆಕೆಂಡಿನದು. ಅದರಲ್ಲಿ ಹಾಡಿದೆ, ಕಣ್ಣೀರಿದೆ, ಮಾರನೆಯ ದಿನವಿಲ್ಲ. ಕಾದಂಬರಿಯ ಇನ್ನೂರು ಪುಟದಲ್ಲಿ ಮಾರನೆಯ ದಿನ ಬಂದೇ ಬರುತ್ತದೆ. ಕಾನೂನಿನ ಮಾತೂ ಮಕ್ಕಳಿಗೆ ಗೊತ್ತಿರಬೇಕು. ಬಾಲ್ಯವಿವಾಹ ನಿಷೇಧಿಸುವ 2006ರ ಕಾಯ್ದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ, ಎರಡೂ ಬಂದದ್ದು ಮಕ್ಕಳ ರಕ್ಷಣೆಗೆ. ಪೋಕ್ಸೊ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಹದಿನಾರರ ಹುಡುಗಿಯೂ ಹತ್ತೊಂಬತ್ತರ ಹುಡುಗನೂ ‘ಇಬ್ಬರೂ ಒಪ್ಪಿ’ ಊರು ಬಿಟ್ಟರೂ ಅವಳ ಒಪ್ಪಿಗೆ ಕೋರ್ಟಿನಲ್ಲಿ ಒಪ್ಪಿಗೆಯಲ್ಲ. ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ ಹೋಗುವುದು ಸಿನಿಮಾದಲ್ಲಿ ಬರುವುದಿಲ್ಲ.

ಹಾಗಾಗಿ ನಾನೊಂದು ಸಣ್ಣ ಕೆಲಸ ಶುರುಮಾಡಿದ್ದೇನೆ. ಅದೇ ತಗಡಿನ ಟ್ರಂಕನ್ನು ತೊಳೆದು, ಬಣ್ಣ ಬಳಿದು, ಪ್ರಯೋಗಾಲಯದ ಕಿಟಕಿಯ ಕೆಳಗೆ ಇಟ್ಟೆ. ನಲವತ್ತು ಚಿಲ್ಲರೆ ಕಾದಂಬರಿಗಳು. ಬೀಗವಿಲ್ಲ, ರಿಜಿಸ್ಟರಿಲ್ಲ. ಯಾರು ಯಾವುದನ್ನು ಒಯ್ದರೆಂದು ನಾನು ಕೇಳುವುದಿಲ್ಲ. ಓದಿ ವಾಪಸಿಡಬೇಕು, ಅದೊಂದೇ ನಿಯಮ. ಹುಡುಗರೂ ತ್ರಿವೇಣಿಯನ್ನು ಒಯ್ಯುತ್ತಾರೆ! ಕೆಲವು ಪುಸ್ತಕ ವಾಪಸು ಬಂದಿಲ್ಲ. ಎಲ್ಲೋ ಯಾರೋ ಓದುತ್ತಿದ್ದಾರೆಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಗ್ರಾಮ ಪಂಚಾಯಿತಿಯ ಲೈಬ್ರರಿಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಅಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಈ ವಯಸ್ಸಿನವರಿಗೆಂದು ಒಂದು ಸಾಲು ಇಟ್ಟರೆ ಹೆಚ್ಚಿನ ಖರ್ಚೇನೂ ಬರದು.

ಇನ್ನು ಆ ಪುಸ್ತಕದ ವಿಷಯ. ‘ಬೆಳ್ಳಿಮೋಡ’ವನ್ನು ಟ್ರಂಕಿಗೆ ಹಾಕಲು ಮನಸ್ಸಾಗಲಿಲ್ಲ. ಹುಡುಗಿಯ ತವರು ಇಲ್ಲೇ ಹತ್ತಿರದ ಹಳ್ಳಿ. ಹಬ್ಬಕ್ಕೆ ಬಂದಿದ್ದಾಳೆಂದು ತಿಳಿದು ಒಂದು ಸಂಜೆ ಹೋದೆ. ನಲವತ್ತು ದಾಟಿದ ಗೃಹಿಣಿ. ಮೊದಲು ಗುರುತು ಸಿಕ್ಕದ್ದು ಅವಳಿಗೇ. ‘ಬನ್ನಿ ಸಾ’ ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಅವಳ ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಚೀಲದಿಂದ ಪುಸ್ತಕ ತೆಗೆದು ಮುಂದಿಟ್ಟೆ.

‘ಅಯ್ಯೋ, ಇದ ಇನ್ನೂ ಮಡಗಿದ್ದೀರಾ?’ ಎಂದು ನಕ್ಕಳು. ‘ಬಾಡಿಗೆ ಎಷ್ಟಾಗಿದ್ದಾದು ಹೇಳಿ! ಆ ಲೈಬ್ರರಿಯೋರು ಒಂದು ವರ್ಷ ನಮ್ಮಪ್ಪನ್ನ ಕೇಳವ್ರೆ.’

ತಪ್ಪಾಯಿತಮ್ಮ ಎಂದೆ. ಅದನ್ನು ಹೇಳಲೆಂದೇ ಹೋಗಿದ್ದೆ. ಅವಳು ತಕ್ಷಣ ಏನೂ ಹೇಳಲಿಲ್ಲ. ಪುಸ್ತಕ ಬಿಡಿಸಿ ಮಡಿಚಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಿದಳು.

‘ನೀವು ಕಿತ್ಕೊಂಡಿದ್ದಕ್ಕೆ ನಂಗೆ ಬೇಜಾರಿರ್ಲಿಲ್ಲ ಸಾ. ಅಪ್ಪನ್ನ ಕರೆಸಿದ್ರಲ್ಲ, ಅದಕ್ಕಿತ್ತು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಆಮೇಲೆ ಟೀವೀಲಿ ಒಂದ್ಸಲ ಈ ಪಿಚ್ಚರ್ ಬಂತು. ಕೊನೆ ಹೊತ್ಗೆ ಕರೆಂಟು ಹೋಯ್ತು. ಅವಳು ಅವನ್ನ ಮದ್ವೆ ಆದ್ಲಾ ಸಾ?’

ನಾನು ಹೇಳಲಿಲ್ಲ. ‘ಇಪ್ಪತ್ತೇ ಪುಟ ಇದೆ, ಓದಮ್ಮ’ ಎಂದೆ.

ಹಿಂದಿನ ಬಾಗಿಲಲ್ಲಿ ಪಿಯುಸಿ ಓದುವ ಅವಳ ಮಗಳು ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ‘ನೀ ಮುಗ್ಸಿದ್ಮೇಲೆ ನಂಗೆ ಕೊಡವ್ವ’ ಎಂದಳು. ತಾಯಿ ಅವಳ ಕಡೆ ತಿರುಗಿ, ‘ಮೊದ್ಲಿಂದ ಓದ್ಬೇಕು, ಕೊನೆ ಪುಟ ನೋಡೋಂಗಿಲ್ಲ’ ಎಂದು ಗದರಿದಳು. ಆಮೇಲೆ ಪುಸ್ತಕವನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿ ಇಟ್ಟುಕೊಂಡಳು. ಕತ್ತಲಾಗುತ್ತಿತ್ತು. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ನಾನು ಎದ್ದು ಬಂದೆ.